ರಾಸ್ ಮೀನು ತರುವ ಮೊದಲು ಅದರ ನಿದ್ದೆ ತಿಳಿದುಕೊಳ್ಳಿ

ಉಪ್ಪುನೀರಿನ ರೀಫ್ ಟ್ಯಾಂಕ್ (ಹವಳ, ಸಮುದ್ರದ ಮೀನು ಸಾಕುವ ತೊಟ್ಟಿ) ಇಟ್ಟವರಿಗೆ ಇವತ್ತಲ್ಲ ನಾಳೆ ರಾಸ್ ಮೀನಿನ ಮೇಲೆ ಕಣ್ಣು ಬಿದ್ದೇ ಬೀಳುತ್ತದೆ. ಬೆರಳುದ್ದದ ಮೈ, ತುಂಬ ಬಣ್ಣ, ಒಂದು ಗಳಿಗೆ ಸುಮ್ನೆ ನಿಲ್ಲುವುದಿಲ್ಲ. ಆದರೆ ಬಣ್ಣ ನೋಡಿ ದುಡ್ಡು ಕೊಡಬೇಡಿ. ಇದು ರಾತ್ರಿ ಎಲ್ಲಿ ಮಲಗುತ್ತದೆ ಎಂದು ಮೊದಲು ಕೇಳಿ. ನಿಮ್ಮ ಟ್ಯಾಂಕ್ ಹೇಗಿರಬೇಕು ಎನ್ನುವುದು ಆ ಉತ್ತರದ ಮೇಲೆ ನಿಂತಿದೆ.

ಯಾವ ರಾಸ್?

ಕೆಲವು ರಾಸ್‌ಗಳು ಕಲ್ಲಿನ ಸಂದಿಯಲ್ಲಿ ಮಲಗುತ್ತವೆ. ಫೇರಿ, ಫ್ಲಾಶರ್, ಸಿಕ್ಸ್‌ಲೈನ್, ಪಾಸಮ್ ಈ ಗುಂಪಿನವು. ಇವುಗಳಲ್ಲಿ ಹಲವು ಮಲಗುವಾಗ ಬಾಯಿಂದ ಲೋಳೆ ಬಿಟ್ಟು ಮೈಸುತ್ತ ತೆಳ್ಳನೆಯ ಗೂಡು ಕಟ್ಟಿಕೊಳ್ಳುತ್ತವೆ. ಬೆಳಿಗ್ಗೆ ಕಲ್ಲಿಗೆ ಅಂಟಿಕೊಂಡ ಪಾರದರ್ಶಕ ಪೊರೆ ಕಂಡರೆ ಗಾಬರಿಯಾಗಬೇಡಿ, ಅದು ಬಿಟ್ಟುಹೋದ ಹಾಸಿಗೆ.

ಇನ್ನು ಕೆಲವು ಮರಳಿನೊಳಗೆ ಮಲಗುತ್ತವೆ. ಹಳದಿ ಬಣ್ಣದ ಯೆಲ್ಲೋ ಕೋರಿಸ್, ಚುಕ್ಕೆಯ ಲೆಪರ್ಡ್ ರಾಸ್ ಇಂಥವು. ದೀಪ ಆರುವ ಹೊತ್ತಿಗೆ ಯೆಲ್ಲೋ ಕೋರಿಸ್ ಮರಳಿನ ಮೇಲೆ ಎರಡು ಸುತ್ತು ಹೊಡೆದು, ತಲೆ ಕೆಳಗೆ ಮಾಡಿ, ಬಾಲ ಒಮ್ಮೆ ಒದ್ದು ಮಾಯವಾಗುತ್ತದೆ. ಮರಳಿನ ಮೇಲೆ ಗುರುತೂ ಉಳಿಯುವುದಿಲ್ಲ. ಇದಕ್ಕೆ ಕನಿಷ್ಠ 5 ಸೆಂ.ಮೀ. ಆಳದ ಸಣ್ಣ ಮರಳು ಬೇಕು. ಮೂರಡಿ ಉದ್ದ, ಒಂದೂವರೆ ಅಡಿ ಅಗಲದ ಟ್ಯಾಂಕಿಗೆ ಸುಮಾರು 30 ಕೆ.ಜಿ. ಮರಳು ಹಿಡಿಯುತ್ತದೆ. ದಪ್ಪ, ಚೂಪು ಜಲ್ಲಿ ಹಾಕಿದರೆ ಮೀನಿನ ಬಾಯಿ ಹರಿಯುತ್ತದೆ.

ಮೊದಲ ಸಲ ಸಾಕುವವರಿಗೆ ಫ್ಲಾಶರ್ ಅಥವಾ ಯೆಲ್ಲೋ ಕೋರಿಸ್ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಲೆಪರ್ಡ್ ರಾಸ್ ಎಷ್ಟೇ ಚೆಂದ ಕಂಡರೂ ಹೊಸ ಟ್ಯಾಂಕಿಗೆ ತರಬೇಡಿ. ಅದು ಕಲ್ಲಿನ ಮೇಲಿನ ಸೂಕ್ಷ್ಮ ಜೀವಿಗಳನ್ನು ಹೆಕ್ಕಿ ತಿಂದು ಬದುಕುವ ಮೀನು, ಹೊಸ ಕಲ್ಲಿನಲ್ಲಿ ಅವು ಇರುವುದಿಲ್ಲ.

ನೀರು

ನಮ್ಮ ಹುಬ್ಬಳ್ಳಿ-ಧಾರವಾಡದ ನಳದಲ್ಲಿ ಬರುವ ಮಲಪ್ರಭಾ ನೀರಾಗಲಿ, ಬೋರ್‌ವೆಲ್ ನೀರಾಗಲಿ, ನೇರವಾಗಿ ಹಾಕುವಂತಿಲ್ಲ. ಆರ್‌ಒ ಫಿಲ್ಟರ್ ಆದ ಮೇಲೆ, ಉಳಿದ ಲವಣ ಹೀರುವ ಡಿಐ ರೆಸಿನ್ ದಾಟಿಸಿ, ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಸೊನ್ನೆ ತೋರಿಸಬೇಕು. ಗದಗ ಕಡೆಯ ಬೋರ್ ನೀರಿನಲ್ಲಿ ಫ್ಲೋರೈಡ್, ಲವಣ ಜಾಸ್ತಿ. ಅಲ್ಲಿ ರೆಸಿನ್ ಬೇಗ ಖಾಲಿಯಾಗುತ್ತದೆ. ಈ ನೀರಿಗೆ ಲೀಟರಿಗೆ ಸುಮಾರು 36-38 ಗ್ರಾಂ ಮರೈನ್ ಸಾಲ್ಟ್ (ಸಮುದ್ರದ ಮೀನಿನ ಟ್ಯಾಂಕಿಗೆಂದೇ ಮಾರುವ ಉಪ್ಪು) ಕಲಸಿ, ಸಾಪೇಕ್ಷ ಸಾಂದ್ರತೆ (ಸ್ಪೆಸಿಫಿಕ್ ಗ್ರಾವಿಟಿ) 1.025ಕ್ಕೆ ತನ್ನಿ. ಅಡುಗೆ ಉಪ್ಪು ನಡೆಯುವುದಿಲ್ಲ.

ಕಾರವಾರ ಹತ್ತಿರವೇ ಇದೆಯಲ್ಲ, ಅಲ್ಲಿಂದಲೇ ನೀರು ತಂದರಾಯಿತು ಎನ್ನುವವರಿದ್ದಾರೆ. ಬೇಡ. ದಂಡೆಯ ನೀರಿಗೆ ನದಿನೀರು, ರಾಡಿ ಎಲ್ಲ ಸೇರಿರುತ್ತದೆ. ಸಮುದ್ರದಿಂದ ಗಟ್ಟಿ ಹವಳ ಕೀಳುವುದಂತೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ. ಒಣ ಕಲ್ಲು ಕೊಂಡು ಶುರು ಮಾಡಿ. ಟ್ಯಾಂಕಿನಲ್ಲಿ ಬ್ಯಾಕ್ಟೀರಿಯಾ ಬೆಳೆದು, ಮೀನಿಗೆ ವಿಷವಾದ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬರಲು ನಾಲ್ಕರಿಂದ ಆರು ವಾರ ಹಿಡಿಯಬಹುದು. ಅಲ್ಲಿಯವರೆಗೆ ಮೀನು ತರಬೇಡಿ.

ನಮ್ಮ ಬೇಸಿಗೆ

ರಾಸ್‌ಗೆ 24ರಿಂದ 26 ಡಿಗ್ರಿ ಹಿತ. ಏಪ್ರಿಲ್‌ನಲ್ಲಿ ಹುಬ್ಬಳ್ಳಿಯ ಮಧ್ಯಾಹ್ನ 37 ದಾಟುತ್ತದೆ, ಗದಗದಲ್ಲಿ ಇನ್ನೂ ಜಾಸ್ತಿ. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ. ನೀರು ತಣಿಸುವ ಚಿಲ್ಲರ್ ಕೊಳ್ಳುವಷ್ಟು ದುಡ್ಡಿಲ್ಲದಿದ್ದರೆ ನೀರಿನ ಮೇಲ್ಮೈಗೆ ಸಣ್ಣ ಫ್ಯಾನ್ ಹಿಡಿಸಿ, ಎರಡು ಮೂರು ಡಿಗ್ರಿ ಇಳಿಯುತ್ತದೆ. ನಮ್ಮ ಬೇಸಿಗೆ ಗಾಳಿ ಒಣಗಿರುವುದರಿಂದ ಇಲ್ಲಿ ಫ್ಯಾನ್ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ನೀರು ಆವಿಯಾಗುತ್ತದೆ, ಉಪ್ಪು ಉಳಿಯುತ್ತದೆ. ಹಾಗಾಗಿ ಕಡಿಮೆಯಾದಷ್ಟು ನೀರನ್ನು ದಿನಾ ತುಂಬಿ. ಉಪ್ಪುನೀರಲ್ಲ, ಬರೀ ಆರ್‌ಒ-ಡಿಐ ನೀರು. ಧಾರವಾಡದ ಡಿಸೆಂಬರ್ ಚಳಿಗೆ ಹೀಟರ್ ಬೇಕು. ಕರೆಂಟ್ ಹೋದಾಗ ಓಡಲು ಬ್ಯಾಟರಿ ಏರ್‌ಪಂಪ್ ಒಂದು ಇರಲೇಬೇಕು.

ಮುಚ್ಚಳ

ರಾಸ್ ಹಾರುತ್ತದೆ. ಬೆದರಿದರೆ ಹಾರುತ್ತದೆ, ಜಗಳವಾದರೂ ಹಾರುತ್ತದೆ, ರಾತ್ರಿ ಥಟ್ಟನೆ ದೀಪ ಹಾಕಿದರೂ ಹಾರುತ್ತದೆ. ವೈರ್ ಹೋಗಲೆಂದು ಮೂಲೆಯಲ್ಲಿ ಬಿಟ್ಟ ಎರಡು ಬೆರಳಿನ ಸಂದಿಯೇ ಅದಕ್ಕೆ ಸಾಕು. ಗಾಜು ಮುಚ್ಚಿದರೆ ಶಾಖ ಒಳಗೇ ಉಳಿಯುತ್ತದೆ, ಆದ್ದರಿಂದ ಬಲೆಯೇ ಸರಿ. ಕಿಟಕಿಗೆ ಸೊಳ್ಳೆ ಪರದೆ ಕೂರಿಸುವವರ ಹತ್ತಿರ ಟ್ಯಾಂಕಿನ ಅಳತೆಗೆ ಫ್ರೇಮ್ ಮಾಡಿಸಿ. ಸೊಳ್ಳೆ ಪರದೆಯನ್ನೇ ಹಾಕಿಸಬೇಡಿ, ಅದು ಬೆಳಕು, ಗಾಳಿ ತಡೆಯುತ್ತದೆ. 6 ಮಿ.ಮೀ. ಕಣ್ಣಿನ ಪ್ಲಾಸ್ಟಿಕ್ ಬಲೆ ಕೊಟ್ಟು ಅದನ್ನೇ ಬಿಗಿಸಿಕೊಡಲು ಹೇಳಿ. ವೈರ್ ಹಾಯುವಲ್ಲಿ ಸ್ಪಂಜಿನ ತುಂಡು ತುರುಕಿ. ಮೀನು ಬರುವ ಮೊದಲೇ ಇದು ಮುಗಿದಿರಲಿ.

ಮೀನು ಬಂದ ದಿನ

ಮೀನು ದೂರದಿಂದ ಬಂದಿದ್ದರೆ ಚೀಲದ ನೀರಿನಲ್ಲಿ ಅಮೋನಿಯಾ ಸೇರಿರುತ್ತದೆ. ಚೀಲ ಕಟ್ಟಿರುವಾಗ ಮೀನು ಬಿಟ್ಟ ಇಂಗಾಲದ ಡೈಆಕ್ಸೈಡ್‌ನಿಂದ ನೀರಿನ ಪಿಎಚ್ ಇಳಿದು, ಅಮೋನಿಯಾದ ವಿಷ ಅಷ್ಟಾಗಿ ತಟ್ಟುವುದಿಲ್ಲ. ಚೀಲದ ಬಾಯಿ ಬಿಚ್ಚಿದ ಕೂಡಲೇ ಆ ಅನಿಲ ಹೋಗುತ್ತದೆ, ಪಿಎಚ್ ಏರುತ್ತದೆ, ವಿಷವೂ ಏರುತ್ತದೆ. ಬಿಚ್ಚಿದ ಚೀಲಕ್ಕೆ ಗಂಟೆಗಟ್ಟಲೆ ಹನಿ ಹನಿ ನೀರು ಬಿಡುತ್ತಾ ಕೂರುವುದು ಅಪಾಯ ಅನ್ನುವುದು ಇದಕ್ಕೇ. ಚೀಲದ ನೀರಿನ ಉಪ್ಪಿನ ಸಾಂದ್ರತೆ ಎಷ್ಟೆಂದು ಮಾರುವವರನ್ನು ಮೊದಲೇ ಕೇಳಿ, ಕ್ವಾರಂಟೈನ್ ಟ್ಯಾಂಕನ್ನು (ಹೊಸ ಮೀನನ್ನು ಮೊದಲು ಬೇರೆಯಾಗಿ ಇಡುವ ಟ್ಯಾಂಕ್) ಅದಕ್ಕೆ ಹೊಂದಿಸಿಡಿ. ಕಟ್ಟಿದ ಚೀಲವನ್ನು 15-20 ನಿಮಿಷ ತೇಲಿಸಿ, ಆಮೇಲೆ ಬಿಚ್ಚಿ ಮೀನನ್ನು ಬೇಗ ದಾಟಿಸಿ. ಚೀಲದ ನೀರು ಚೆಲ್ಲಿ. ಮರಳಲ್ಲಿ ಮಲಗುವ ಮೀನಾದರೆ ಕ್ವಾರಂಟೈನ್‌ನಲ್ಲೂ ಒಂದು ಡಬ್ಬಿ ಮರಳು ಇಡಿ.

ಬಂದ ಮೀನು ಮರಳಿಗಿಳಿದು ಕೆಲವು ದಿನ ಕಾಣದಿರಬಹುದು. ಸತ್ತಿದೆ ಎಂದು ಕೆದಕಬೇಡಿ. ಹೊಸ ಜಾಗದ ಹಗಲು ರಾತ್ರಿಗೆ ಹೊಂದಿಕೊಳ್ಳಲು ಅದಕ್ಕೆ ಸಮಯ ಬೇಕು.

ಜೊತೆ ಮತ್ತು ಊಟ

ಸಾಧು ಮೀನುಗಳು ಮೊದಲು, ಸಿಕ್ಸ್‌ಲೈನ್ ಕಟ್ಟಕಡೆಗೆ. ಏಳೆಂಟು ಸೆಂ.ಮೀ. ಇರುವ ಈ ಮೀನು ಮೊದಲೇ ಬಂದು ಜಾಗ ಹಿಡಿದರೆ ಆಮೇಲೆ ಬಂದವರನ್ನು ಬದುಕಗೊಡುವುದಿಲ್ಲ. ಸಣ್ಣ ಟ್ಯಾಂಕಿಗೆ ಅದನ್ನು ತರದಿದ್ದರೇ ಒಳ್ಳೆಯದು.

ಫೇರಿ, ಫ್ಲಾಶರ್‌ಗಳು ಹುಟ್ಟುವಾಗ ಹೆಣ್ಣು. ಗುಂಪಿನಲ್ಲಿ ದೊಡ್ಡದು ಮುಂದೆ ಗಂಡಾಗುತ್ತದೆ. ಅದಕ್ಕೇ ಒಂದು ಗಂಡಿನ ಜೊತೆ ಎರಡು ಮೂರು ಹೆಣ್ಣು ತನ್ನಿ. ಹೆಣ್ಣಿಲ್ಲದ ಟ್ಯಾಂಕಿನಲ್ಲಿ ಗಂಡಿನ ಬಣ್ಣ ದಿನೇ ದಿನೇ ಮಂಕಾಗುವುದುಂಟು. ಹೆಣ್ಣಿದ್ದರೆ ಸಂಜೆ ಹೊತ್ತು ಫ್ಲಾಶರ್ ಗಂಡು ರೆಕ್ಕೆಗಳನ್ನೆಲ್ಲ ಬಿಚ್ಚಿ ಹಾಯುವುದನ್ನು ನೋಡಬಹುದು. ಮೈಮೇಲಿನ ನೀಲಿ ಗೆರೆಗಳು ಒಂದೆರಡು ಕ್ಷಣ ಹೊಳೆದು ಆರುತ್ತವೆ.

ಇವು ಇಡೀ ದಿನ ಈಜುವ ಮೀನುಗಳು, ಬೇಗ ಸೊರಗುತ್ತವೆ. ದಿನಕ್ಕೆ ಎರಡು ಮೂರು ಸಲ ಸ್ವಲ್ಪ ಸ್ವಲ್ಪ ಹಾಕಿ. ಫ್ರೋಜನ್ ಮೈಸಿಸ್, ಬ್ರೈನ್ ಶ್ರಿಂಪ್ (ಎರಡೂ ಸೀಗಡಿಯಂಥ ಸಣ್ಣ ಜೀವಿಗಳು), ಸಣ್ಣ ಪೆಲೆಟ್ ಸಾಕು. ಮೇಲಿನಿಂದ ನೋಡಿದಾಗ ಬೆನ್ನು ಚಾಕುವಿನಂತೆ ಸಣ್ಣಗಾಗಿದ್ದರೆ ಊಟ ಕಡಿಮೆಯಾಗಿದೆ ಅಥವಾ ಹೊಟ್ಟೆಯಲ್ಲಿ ಹುಳುವಿದೆ. ಅಂಥ ಮೀನನ್ನು ಅಂಗಡಿಯಲ್ಲಿ ಕೊಳ್ಳಲೂ ಬೇಡಿ. ನಿಮ್ಮ ಕಣ್ಣೆದುರೇ ಅದು ಊಟ ತಿಂದ ಮೇಲೆ ದುಡ್ಡು ಕೊಡಿ.