ಮಳೆಯಲ್ಲಿ ಕೂತು ಟ್ಯಾಬ್‌ನಲ್ಲಿ ಗುಡ್ಡ ಬರೆದಿದ್ದು

ಹೋದ ಆಗಸ್ಟ್‌ನಲ್ಲಿ ಕುಂದಾದ್ರಿ ಮೇಲೆ, ಸುರಿಯುವ ಮಳೆಯಲ್ಲಿ, ಒಂದೂಕಾಲು ಗಂಟೆ ಕೂತು ಟ್ಯಾಬ್‌ನಲ್ಲಿ ಒಂದು ಚಿತ್ರ ಮುಗಿಸಿದೆ. ಪೂರ್ತಿ ಅಲ್ಲೇ. ಫೋಟೋ ಹೊಡೆದುಕೊಂಡು ಬಂದು ಮನೆಯಲ್ಲಿ ತಿದ್ದಿದ್ದಲ್ಲ. ಭಾನುವಾರ ಚಿತ್ರ ಬರೆಯುವ ನಮ್ಮ ಗುಂಪಿನವರು ಮೂರು ವರ್ಷದಿಂದ "ಅದು ಚಿತ್ರ ಅಲ್ಲ ಮಾರಾಯ, ಮೊಬೈಲ್ ಆಟ" ಅನ್ನುತ್ತಿದ್ದರು, ಅದಕ್ಕೇ ಇದನ್ನು ಮೊದಲೇ ಹೇಳಿಬಿಟ್ಟೆ.

ಅವರದ್ದೆಲ್ಲ ವಾಟರ್ ಕಲರ್. ನನ್ನದೂ ಮೊದಲು ಅದೇ ಆಗಿತ್ತು. ಆದರೆ ಜೂನ್ ಬಂತು ಅಂದರೆ ಮಲೆನಾಡಿನಲ್ಲಿ ಪೇಪರ್ ಒಣಗಬೇಕಲ್ಲ! ಮಂಡಗದ್ದೆಯಲ್ಲಿ ಒಂದು ಸಲ ಆಕಾಶಕ್ಕೆ ಬಣ್ಣ ಬಳಿದು ಮುಕ್ಕಾಲು ಗಂಟೆ ಕಾದೆ. ಮರ ಇಟ್ಟ ತಕ್ಷಣ ಅದು ಆಕಾಶಕ್ಕೆ ಹರಿದು ಸಾರಿಗೆ ಮಜ್ಜಿಗೆ ಬಿದ್ದ ಹಾಗಾಯಿತು. ನಾಲ್ಕು ತಿಂಗಳು ಸುಮ್ನೆ ಮನೆಯಲ್ಲಿ ಕೂರುವುದು, ನಮ್ಮ ಗುಡ್ಡ ನಿಜವಾಗಿ ಚೆಂದ ಕಾಣುವುದೇ ಆಗ. ಇದು ಸರಿ ಅಲ್ಲ ಅನ್ನಿಸಿತು.

ಮೊದಲ ಟ್ಯಾಬ್ ಒಂಬತ್ತು ಸಾವಿರದ್ದು, ಜೊತೆಗೆ ರಬ್ಬರ್ ತುದಿಯ ಪೆನ್ನು. ದುಡ್ಡು ದಂಡ. ಪರದೆ ಮೇಲೆ ಒಂದು ಹನಿ ಬಿದ್ದರೆ ಸಾಕು, ಅದನ್ನೂ ಬೆರಳು ಅಂತ ತಿಳಿದುಕೊಂಡು ತಾನೇ ಗೆರೆ ಎಳೆಯುತ್ತಿತ್ತು, ಚಿತ್ರ ದೊಡ್ಡದು ಮಾಡುತ್ತಿತ್ತು, ಒಂದು ಸಲ ಲೇಯರ್ ಒಂದನ್ನು, ಅಂದರೆ ಚಿತ್ರದ ಒಂದು ಪದರವನ್ನೇ, ಅಳಿಸಿಯೂ ಬಿಟ್ಟಿತು. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಮಳೆ, ಅಲ್ಲಿ ಒಂದು ಹನಿ ಬೀಳದ ಹಾಗೆ ಕೂರಲು ಆಗುತ್ತದಾ? ಆ ಮಳೆಗಾಲ ಮುಗಿಯುವ ಮೊದಲೇ ಒಳಗೆ ನೀರು ಹೋಗಿ ಅದು ಸತ್ತಿತು. ರಿಪೇರಿಯವನು 1,200 ತಗೊಂಡು "ಆಗಲ್ಲ" ಅಂತ ವಾಪಸ್ ಕೊಟ್ಟ.

ಆಮೇಲೆ ಶಿವಮೊಗ್ಗದಲ್ಲಿ ಸೆಕೆಂಡ್ ಹ್ಯಾಂಡ್‌ನಲ್ಲಿ ಸ್ಯಾಮ್‌ಸಂಗ್‌ನ ಎಸ್ ಪೆನ್ ಇರುವ ಟ್ಯಾಬ್ ತಗೊಂಡೆ, ಹದಿನೇಳೋ ಹದಿನೆಂಟೋ ಸಾವಿರ. ಕೆಲಸ ಮಾಡಿದ್ದು ಇದೇ. ಈ ಪೆನ್ನು ಬೆರಳಿನ ಹಾಗೆ ಪರದೆ ಮುಟ್ಟಿ ನಡೆಯುವುದಲ್ಲ, ಪರದೆ ಕೆಳಗಿರುವ ವಿದ್ಯುತ್ಕಾಂತೀಯ ಪದರ ಅದನ್ನು ಗುರುತಿಸುತ್ತದೆ. ಹಾಗಾಗಿ ಆ್ಯಪ್‌ನಲ್ಲಿ ಬೆರಳಿನಿಂದ ಬರೆಯುವುದನ್ನು ಬಂದ್ ಮಾಡಿಟ್ಟರೆ ಹನಿ ಗೆರೆ ಎಳೆಯುವುದಿಲ್ಲ. ಇನ್ನೂ ಮಜಾ ಅಂದರೆ, ಪ್ಲಾಸ್ಟಿಕ್ ಕವರ್ ಒಳಗೆ ಟ್ಯಾಬ್ ಹಾಕಿ ಮೇಲಿನಿಂದ ಬರೆದರೂ ಪೆನ್ನು ಚೆನ್ನಾಗಿ ನಡೆಯುತ್ತದೆ, ಒತ್ತಿದ್ದು ಬಿಟ್ಟಿದ್ದು ಎಲ್ಲಾ ಗೊತ್ತಾಗುತ್ತದೆ. ಕವರ್ ಸಡಿಲ ಇದ್ದರೆ ಮಾತ್ರ ಪೆನ್ನು ಜಾರುತ್ತದೆ. ಬಿಗಿಯಾಗಿ ಎಳೆದು ಹಿಂದೆ ಕ್ಲಿಪ್ ಹಾಕಬೇಕು. ಯಾವ ಕವರ್ ಅಂತ ಕೇಳಬೇಡಿ, ಹನ್ನೊಂದು ಥರದ್ದು ಹಾಳು ಮಾಡಿ ಹುಡುಕಿದ್ದು. ತೀರ್ಥಹಳ್ಳಿಯ ಒಂದು ದಿನಸಿ ಅಂಗಡಿಯಲ್ಲಿ ಸಿಗುತ್ತದೆ ಅಂತ ಮಾತ್ರ ಹೇಳಬಲ್ಲೆ.

ಕವರ್‌ನದ್ದೇ ಇನ್ನೊಂದು ರಗಳೆ. ಟ್ಯಾಬ್ ಬಿಸಿ, ಹೊರಗೆ ಚಳಿ, ಹತ್ತು ನಿಮಿಷದಲ್ಲಿ ಒಳಗಡೆ ಹಬೆ ಕೂರುತ್ತದೆ. ಒಣ ಅಕ್ಕಿ ಕಟ್ಟಿ ಇಟ್ಟು ನೋಡಿದೆ, ಉಪಯೋಗ ಇಲ್ಲ. ಚಪ್ಪಲಿ ಡಬ್ಬಿಯಲ್ಲಿ ಬರುತ್ತದಲ್ಲ ಸಿಲಿಕಾ ಪೊಟ್ಟಣ, ಅದನ್ನು ಎರಡು ಮೂರು ಹಾಕಿದ ಮೇಲೆ ತಡೆಯಿತು. ಒಳಗಿಟ್ಟೇ ಪವರ್ ಬ್ಯಾಂಕ್ ಚುಚ್ಚಬೇಡಿ. ನಾನು ಚುಚ್ಚಿದೆ, ಟ್ಯಾಬ್ ಕಾದು ಬೆಳಕು ತಾನೇ ಕಮ್ಮಿ ಆಯಿತು, ನಾನು ಗೊತ್ತಾಗದೆ ಬಣ್ಣ ಏರಿಸುತ್ತಾ ಹೋದೆ. ಮನೆಗೆ ಬಂದು ನೋಡಿದರೆ ಕವಲೇದುರ್ಗದ ಕೋಟೆ ಗೋಡೆ ಐಸ್ ಕ್ಯಾಂಡಿ ಥರ ಹೊಳೆಯುತ್ತಿತ್ತು.

ಬಣ್ಣದ ವಿಷಯದಲ್ಲೇ ನಾನು ಜಾಸ್ತಿ ಸೋತಿದ್ದು. ಬಯಲಿನ ಬೆಳಕಿನಲ್ಲಿ ಪರದೆ ಮಂಕಾಗಿ ಕಾಣುತ್ತದೆ, ಕಣ್ಣು ನಂಬಿ ಬಣ್ಣ ಆರಿಸಿದರೆ ಮನೆಯಲ್ಲಿ ಎಲ್ಲಾ ಢಾಳು. ಸುಮಾರು ನಲವತ್ತು ಚಿತ್ರ ಹೀಗೆ ಹೋಯಿತು. ಈಗ ಆಟೋ ಬ್ರೈಟ್‌ನೆಸ್ ಬಂದ್, ಬೆಳಕು ಒಂದೇ ಕಡೆ ನಿಲ್ಲಿಸಿದ್ದು. ಬಣ್ಣಗಳನ್ನು ಮನೆಯಲ್ಲೇ ಮಾಡಿ ಪ್ಯಾಲೆಟ್‌ನಲ್ಲಿ ಇಟ್ಟುಕೊಂಡು ಹೋಗುತ್ತೇನೆ, ಹದಿನಾಲ್ಕೇ ಬಣ್ಣ. ಅದೇ ಬಣ್ಣಗಳನ್ನು ಪ್ರಿಂಟ್ ಹಾಕಿಸಿ ಲ್ಯಾಮಿನೇಷನ್ ಮಾಡಿಸಿದ ಒಂದು ಪಟ್ಟಿಯೂ ಜೇಬಿನಲ್ಲಿ. ಗುಡ್ಡದ ಎದುರು ಪಟ್ಟಿ ಹಿಡಿದು ನೋಡುತ್ತೇನೆ, ಮೂರನೆಯದು ಅನ್ನಿಸಿದರೆ ಪ್ಯಾಲೆಟ್‌ನಲ್ಲಿ ಮೂರನೆಯದನ್ನು ಮುಟ್ಟುತ್ತೇನೆ, ಪರದೆ ಏನು ತೋರಿಸಿದರೂ ಅದರ ಮಾತು ಕೇಳುವುದಿಲ್ಲ. ಪಟ್ಟಿಗೆ ಖರ್ಚಾಗಿದ್ದು 60 ರೂಪಾಯಿ. ಇದು ಮೊದಲೇ ಹೊಳೆದಿದ್ದರೆ ಒಂದು ವರ್ಷ ಉಳಿಯುತ್ತಿತ್ತು.

ಹಸಿರು ನಮ್ಮವರ ಶಾಪ. ತೋಟದ ಹಸಿರು ಸ್ವಲ್ಪ ಹಳದಿ, ಕಾಡಿನದ್ದು ಕಪ್ಪು ಕಡೆಗೆ, ಸಸಿಮಡಿಯದ್ದು ಮಾತ್ರ ಕಣ್ಣಿಗೆ ಹೊಡೆಯುವಂಥದ್ದು. ಹೊಸಬರು ಸಸಿಮಡಿಯ ಹಸಿರನ್ನೇ ಇಡೀ ಗುಡ್ಡಕ್ಕೆ ಬಳಿಯುತ್ತಾರೆ. ನನ್ನ ಹದಿನಾಲ್ಕರಲ್ಲಿ ಹಸಿರು ನಾಲ್ಕೇ, ಅದರಲ್ಲಿ ಎರಡು ಬರೀ ಬೂದಿ. ಲೇಯರ್ ಐದಕ್ಕಿಂತ ಜಾಸ್ತಿ ಇಲ್ಲ: ಆಕಾಶ, ಮೂರು ಸಾಲು ಗುಡ್ಡ, ಎದುರಿನದ್ದು. ಮಂಜು ಬಂದರೆ ಸಾಲುಗಳ ನಡುವೆ ಒಂದು ಬ್ರಶ್ ಓಡಿಸುತ್ತೇನೆ. ಅದನ್ನು ಕ್ರಿಟಾ ಅನ್ನುವ ಚಿತ್ರ ಬರೆಯುವ ಆ್ಯಪ್‌ನಲ್ಲಿ ನಾನೇ ಮಾಡಿಕೊಂಡಿದ್ದು, ಸೆಟ್ಟಿಂಗ್ ಮಾತ್ರ ಹೇಳುವುದಿಲ್ಲ. ಅದು ನನ್ನ ಅನ್ನ.

ಬಿಸಿಲಿನಲ್ಲಿ ಪರದೆ ಮೇಲೆ ಪ್ರತಿಬಿಂಬ ಬೀಳದಿರಲು ಕಪ್ಪು ಅಂಗಿ, ಕಪ್ಪು ಕೊಡೆ. ಹೆಂಡತಿಯ ಕೆಂಪು ಕೊಡೆ ಹಿಡಿದು ಕೂತ ದಿನ ಪರದೆ, ಪಟ್ಟಿ, ಕೈ ಎಲ್ಲಾ ಕೆಂಪಾಗಿ ತುಂಗೆಯೂ ಕೆಂಪಾದಳು. ಒಂದು ಸಲ ಅಜ್ಜನ ಕಾಲದ ಕಂಬಳಿ ಕೊಪ್ಪೆ ಹಾಕಿಕೊಂಡು ಟ್ಯಾಬನ್ನು ಅದರೊಳಗೇ ಇಟ್ಟುಕೊಂಡೆ. ಪರದೆ ಇಷ್ಟು ಸ್ಪಷ್ಟವಾಗಿ ಯಾವತ್ತೂ ಕಂಡಿರಲಿಲ್ಲ. ಆದರೆ ಗದ್ದೆ ಬದುವಿನಲ್ಲಿ ಹೋಗುತ್ತಿದ್ದ ಒಬ್ಬರು ನಿಂತು, "ಎಂತದಾ, ಮಳೆಲಿ ಕೂತ್ಕೊಂಡು ಸಿನಿಮಾ ನೋಡ್ತಿದೀಯಾ?" ಅಂದರು. ಉಂಬಳಗಳೂ (ಜಿಗಣೆ) ಅಷ್ಟೇ ಖುಷಿಯಾಗಿದ್ದವು. ಎದ್ದಾಗ ಕಾಲಲ್ಲಿ ಏಳು.

ಸಿಗಂದೂರಿಗೆ ಹೋಗಲು ಶರಾವತಿ ಹಿನ್ನೀರು ದಾಟಿಸುತ್ತಿದ್ದ ಹೊಳೆಬಾಗಿಲಿನ ಲಾಂಚ್‌ನಲ್ಲೂ ಬರೆಯುತ್ತಿದ್ದೆ. ದಾಟುವಷ್ಟರಲ್ಲಿ ಒಂದು ಚಿತ್ರ ಅಂತ ಪಂದ್ಯ, ಲಾಂಚ್ ತಿರುಗಿದರೆ ಗುಡ್ಡವೂ ತಿರುಗುತ್ತದೆ, ಗೆರೆ ಹುಡುಕುತ್ತಾ ಕೂರಲು ಬಿಡುವೇ ಇಲ್ಲ. ನನ್ನ ಕೈ ಚುರುಕಾಗಿದ್ದು ಅಲ್ಲೇ. 2025ರ ಜುಲೈನಲ್ಲಿ ಸೇತುವೆ ಆಯಿತು, ಊರಿನವರಿಗೆ ಒಳ್ಳೆಯದೇ ಆಯಿತು, ನನ್ನ ಅಭ್ಯಾಸದ ಜಾಗ ಹೋಯಿತು.

ಲೆಕ್ಕ ಹೇಳಿಬಿಡುತ್ತೇನೆ. ಸತ್ತ ಟ್ಯಾಬ್, ಬದುಕಿರುವ ಟ್ಯಾಬ್, ಸವೆದ ಪೆನ್ನಿನ ತುದಿಗಳು, ಪೆಟ್ರೋಲ್ ಸೇರಿ ನಲವತ್ತು ಸಾವಿರದ ಹತ್ತಿರ ಹೋಗಿದೆ. ಒಂದು ಹೋಂಸ್ಟೇಯವರು ಆರು ಮಳೆಗಾಲದ ಚಿತ್ರ ದೊಡ್ಡದಾಗಿ ಪ್ರಿಂಟ್ ಹಾಕಿಸಿಕೊಂಡು ಒಂಬತ್ತು ಸಾವಿರ ಕೊಟ್ಟರು, ಚಿಲ್ಲರೆಯಾಗಿ ಇನ್ನೊಂದು ಏಳೆಂಟು ಸಾವಿರ ಬಂದಿರಬಹುದು. ಮೊಬೈಲ್ ಆಟ ಅಂದವರಲ್ಲಿ ಇಬ್ಬರು ಈಗ ಫೋನ್ ಮಾಡಿ ಕವರ್ ಯಾವುದು ಅಂತ ಕೇಳುತ್ತಾರೆ.

ಜೋಗ ಮಾತ್ರ ಇನ್ನೂ ಬಗ್ಗಿಲ್ಲ. ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಒಟ್ಟಿಗೆ ಎರಡು ನಿಮಿಷ ಕಾಣುತ್ತವೆ, ಆಮೇಲೆ ಅರ್ಧ ಗಂಟೆ ಬರೀ ಬಿಳಿ. ಒಂಬತ್ತು ಸಲ ಹೋಗಿದ್ದೇನೆ. ರಾಜನದ್ದು ಮುಗಿದಿದೆ, ರಾಣಿಯದ್ದು ಅರ್ಧ.