ವಿಡಿಯೋ ಫೈಲ್ ಡಿವಿಡಿಗೆ ಹಾಕುವಾಗ ಎಲ್ಲಿ ಕೆಡುತ್ತೆ, ಹೇಗೆ ಸರಿ ಮಾಡೋದು

ಪಾಂಡವಪುರದ ಹತ್ತಿರ ಇರುವ ನಮ್ಮ ದೊಡ್ಡಮ್ಮನ ಮನೆಯಲ್ಲಿ ಟಿವಿ ಕೆಳಗೆ ಒಂದು ಡಿವಿಡಿ ಪ್ಲೇಯರ್ ಇದೆ. ಮೊಬೈಲ್ ಅವರ ಕೈಗೆ ಒಗ್ಗಿಲ್ಲ. ಆದರೆ ಡಿಸ್ಕ್ ಹಾಕಿ ಪ್ಲೇ ಒತ್ತೋದು ಚೆನ್ನಾಗಿ ಗೊತ್ತು. ಮೊಮ್ಮಗಳ ಮದುವೆ ವಿಡಿಯೋ ಪೆನ್ ಡ್ರೈವ್‌ನಲ್ಲಿ ಬಂದಾಗ ಅದನ್ನು ಡಿವಿಡಿ ಮಾಡಿಕೊಡುವ ಕೆಲಸ ನನಗೆ ಬಿತ್ತು. ಮೊದಲ ಡಿಸ್ಕ್ ಪ್ಲೇಯರ್ ಓದಲೇ ಇಲ್ಲ. ಎರಡನೆಯದು ಓಡಿತು, ಅರ್ಧ ಗಂಟೆ ಆದ ಮೇಲೆ ದೊಡ್ಡಮ್ಮ ಫೋನ್ ಮಾಡಿದರು: "ಮಗ, ಬಾಯಿ ಮೊದ್ಲು ಆಡ್ತದೆ, ಮಾತು ಆಮೇಲೆ ಬತ್ತದೆ ಕಣಪ್ಪ." ಮೂರನೆಯದರಲ್ಲಿ ಎಲ್ಲರ ಮುಖ ಉದ್ದ ಆಗಿತ್ತು. ಆಮೇಲೆ ಕೂತು ಒಂದೊಂದಾಗಿ ಕಾರಣ ಹುಡುಕಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ಡಿವಿಡಿ ಮಾಡೋದು ಒಂದು ಕೆಲಸ ಅಲ್ಲ, ನಾಲ್ಕು ಕೆಲಸ. ಮೂಲ ಫೈಲ್ ಸರಿ ಇರಬೇಕು, ಅದು ಡಿವಿಡಿ ಕೇಳುವ ರೂಪಕ್ಕೆ ಬದಲಾಗಬೇಕು, ಮೆನು ಎಲ್ಲ ಸೇರಿಸಿ ಡಿಸ್ಕ್‌ನ ಫೋಲ್ಡರ್ ತಯಾರಾಗಬೇಕು, ಕೊನೆಗೆ ಬರ್ನ್ ಆಗಬೇಕು, ಅಂದರೆ ಖಾಲಿ ಡಿಸ್ಕ್ ಮೇಲೆ ಬರೆಯಬೇಕು. ತೊಂದರೆ ಬಂದ ತಕ್ಷಣ ಇನ್ನೊಂದು ಖಾಲಿ ಡಿಸ್ಕ್ ಹಾಕಿ ಮತ್ತೆ ಬರ್ನ್ ಮಾಡಿದರೆ ಅದೇ ತಪ್ಪು ಮತ್ತೆ ಬರುತ್ತೆ. ಯಾವ ಹಂತದಲ್ಲಿ ಕೆಟ್ಟಿದೆ ಅಂತ ಮೊದಲು ನೋಡಿ.

ಪ್ಲೇಯರ್ ಡಿಸ್ಕ್ ಓದೋದೇ ಇಲ್ಲ

ಹೆಚ್ಚಿನ ಸಲ ಕಾರಣ ಇಷ್ಟೇ: ಎಂಪಿ4 ಫೈಲನ್ನು ಹಾಗೇ ಎಳೆದು ಡಿಸ್ಕ್ ಮೇಲೆ ಹಾಕಿರ್ತೀವಿ. ಅದು ಡೇಟಾ ಡಿಸ್ಕ್ ಆಗುತ್ತೆ. ಕಂಪ್ಯೂಟರ್‌ನಲ್ಲಿ ಓಡುತ್ತೆ, ಹಳೇ ಪ್ಲೇಯರ್‌ನಲ್ಲಿ ಓಡಲ್ಲ. ಪ್ಲೇಯರ್‌ಗೆ ಬೇಕಾಗಿರೋದು ಎಂಪೆಗ್-2 ಅನ್ನೋ ರೂಪದ ವಿಡಿಯೋ. ನಮ್ಮ ದೇಶದ ಟಿವಿ ಪದ್ಧತಿ ಪಾಲ್, ಆ ಲೆಕ್ಕದಲ್ಲಿ 720×576 ಅಳತೆ, ಸೆಕೆಂಡಿಗೆ 25 ಫ್ರೇಮ್, ಅಂದರೆ 25 ಬಿಡಿ ಚಿತ್ರ. ಆಡಿಯೋ ಎಸಿ3 ಅಥವಾ ಪಿಸಿಎಂ ರೂಪದ್ದು, 48 ಕಿಲೋಹರ್ಟ್ಜ್. ಮೊಬೈಲ್ ವಿಡಿಯೋದಲ್ಲಿ ಇರುವ ಎಎಸಿ ಆಡಿಯೋ ಡಿವಿಡಿಯಲ್ಲಿ ನಡೆಯಲ್ಲ.

ಡಿಸ್ಕ್ ತೆರೆದರೆ ವಿಡಿಯೋ_ಟಿಎಸ್ ಅನ್ನೋ ಫೋಲ್ಡರ್ ಕಾಣಬೇಕು, ಅದರೊಳಗೆ ವಿಒಬಿ, ಐಎಫ್‌ಒ, ಬಿಯುಪಿ ಫೈಲ್‌ಗಳು ಇರಬೇಕು. ಇವು ಇಲ್ಲ ಅಂದರೆ ನೀವು ಮಾಡಿರೋದು ವಿಡಿಯೋ ಡಿವಿಡಿ ಅಲ್ಲ. ಒಂದೊಂದು ವಿಒಬಿ ಫೈಲ್ 1 ಜಿಬಿಗೆ ಮುರಿದಿರುತ್ತೆ, ಅದು ತಪ್ಪಲ್ಲ, ಕ್ರಮವೇ ಹಾಗೆ. ಪಕ್ಕದಲ್ಲಿ ಆಡಿಯೋ_ಟಿಎಸ್ ಫೋಲ್ಡರ್ ಖಾಲಿ ಇದ್ದರೂ ಗಾಬರಿ ಬೇಡ.

ಈ ಕೆಲಸಕ್ಕೆ ನಾನು ಬಳಸೋದು ಡಿವಿಡಿಸ್ಟೈಲರ್ ಅನ್ನೋ ತಂತ್ರಾಂಶ, ದುಡ್ಡು ಕೊಡಬೇಕಿಲ್ಲ. ಹ್ಯಾಂಡ್‌ಬ್ರೇಕ್ ಅನ್ನೋ ಇನ್ನೊಂದು ತಂತ್ರಾಂಶದಿಂದ ಡಿವಿಡಿ ಮಾಡ್ತೀನಿ ಅಂತ ತುಂಬಾ ಜನ ಹೊರಡ್ತಾರೆ, ಆಗಲ್ಲ. ಅದು ಎಂಪಿ4, ಎಂಕೆವಿ ಥರದ ಫೈಲ್ ಮಾತ್ರ ಕೊಡುತ್ತೆ. ಆದರೆ ಬೇರೆ ಒಂದು ಕಡೆ ಅದೇ ಕೈ ಹಿಡಿಯುತ್ತೆ, ಮುಂದೆ ಹೇಳ್ತೀನಿ.

ಫೋಲ್ಡರ್ ಎಲ್ಲ ಸರಿ ಇದ್ದೂ ಓದದಿದ್ದರೆ ಎರಡು ವಿಷಯ ನೋಡಿ. ಡಿಸ್ಕ್ ಫೈನಲೈಸ್ ಆಗಿದೆಯಾ, ಅಂದರೆ ಬರೆದು ಪೂರ್ತಿ ಮುಚ್ಚಿದೆಯಾ? ಮತ್ತೆ ಅದು ಆರ್‌ಡಬ್ಲ್ಯೂ ಡಿಸ್ಕಾ? ಅಳಿಸಿ ಬರೆಯುವ ಡಿಸ್ಕನ್ನು ಕೆಲವು ಹಳೇ ಪ್ಲೇಯರ್ ಹಿಡಿಯಲ್ಲ. ಕೊಡುವ ಪ್ರತಿಗೆ ಡಿವಿಡಿ-ಆರ್ ತಗೊಳ್ಳಿ.

ಮಾತು ಹಿಂದೆ ಬೀಳುತ್ತೆ

ಇದು ನನ್ನನ್ನು ಎರಡು ರಾತ್ರಿ ಕೂರಿಸಿದ ತೊಂದರೆ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳ್ತೀನಿ. ಮೊದಲು ಒಂದು ಪರೀಕ್ಷೆ. ವಿಡಿಯೋದ ಶುರು, ಮಧ್ಯ, ಕೊನೆ ಮೂರೂ ಕಡೆ ನೋಡಿ. ಶುರುವಿನಿಂದ ಕೊನೆವರೆಗೂ ಒಂದೇ ಅಂತರ ಇದ್ದರೆ ಆಡಿಯೋವನ್ನು ಅಷ್ಟು ಹಿಂದೆ ಮುಂದೆ ಸರಿಸಿದರೆ ಸಾಕು. ಆದರೆ ಶುರುವಿನಲ್ಲಿ ಸರಿ ಇದ್ದು, ಹೋಗ್ತಾ ಹೋಗ್ತಾ ಅಂತರ ಜಾಸ್ತಿ ಆಗ್ತಾ ಇದ್ದರೆ ಕಾರಣ ಬೇರೆ. ಮೊಬೈಲ್ ಕ್ಯಾಮೆರಾ ಒಂದೇ ವೇಗದಲ್ಲಿ ಫ್ರೇಮ್ ತೆಗೆಯಲ್ಲ. ಬೆಳಕು ಚೆನ್ನಾಗಿದ್ದಾಗ ಸೆಕೆಂಡಿಗೆ 30 ತೆಗೆಯುತ್ತೆ, ಕತ್ತಲಲ್ಲಿ ಕಮ್ಮಿ ಆಗುತ್ತೆ. ಕಲ್ಯಾಣ ಮಂಟಪದ ಒಳಗೆ ಸ್ವಲ್ಪ ಹೊತ್ತು, ಹೊರಗೆ ಬಿಸಿಲಲ್ಲಿ ಸ್ವಲ್ಪ ಹೊತ್ತು ತೆಗೆದಿದ್ದರೆ ಒಂದೇ ಫೈಲ್‌ನಲ್ಲಿ ವೇಗ ಏರಿಳಿದಿರುತ್ತೆ. ಡಿವಿಡಿಗೆ ಅದು ಅರ್ಥ ಆಗಲ್ಲ, ಅದಕ್ಕೆ ಖಡಾಖಂಡಿತ 25 ಬೇಕು. ಮಧ್ಯದಲ್ಲಿ ಲೆಕ್ಕ ತಪ್ಪಿದಾಗ ಚಿತ್ರ ಒಂದು ಕಡೆ, ಮಾತು ಒಂದು ಕಡೆ.

ನಿಮ್ಮ ಫೈಲ್ ಹೀಗಿದೆಯಾ ಅಂತ ತಿಳಿಯೋಕೆ ಮೀಡಿಯಾಇನ್ಫೋ ಅನ್ನೋ ತಂತ್ರಾಂಶದಲ್ಲಿ ತೆರೆಯಿರಿ. ಫ್ರೇಮ್ ರೇಟ್ ಮೋಡ್ ಎದುರಿಗೆ ವೇರಿಯಬಲ್ ಅಂತ ಇದ್ದರೆ ಕಳ್ಳ ಸಿಕ್ಕಿದ. ಈಗ ಹ್ಯಾಂಡ್‌ಬ್ರೇಕ್ ಬೇಕು. ಫ್ರೇಮ್ ರೇಟ್ 25 ಇಟ್ಟು, ಕಾನ್‌ಸ್ಟೆಂಟ್ ಆಯ್ಕೆ ಮಾಡಿ, ಆಡಿಯೋ 48 ಮಾಡಿ, ಗುಣಮಟ್ಟ ಚೆನ್ನಾಗಿಯೇ ಇಟ್ಟು ಹೊಸ ಫೈಲ್ ತೆಗೆಯಿರಿ. ಆ ಹೊಸ ಫೈಲನ್ನು ಡಿವಿಡಿಸ್ಟೈಲರ್‌ಗೆ ಕೊಡಿ. ಎರಡು ಸಲ ಬದಲಾಯಿಸಿದರೆ ಚಿತ್ರ ಚೂರು ಸವೆಯುತ್ತೆ ನಿಜ. ಆದರೆ ಮಾಂಗಲ್ಯ ಕಟ್ಟಿ ಆದ ಮೇಲೆ ಗಟ್ಟಿಮೇಳ ಕೇಳಿಸೋದಕ್ಕಿಂತ ಅದು ಎಷ್ಟೋ ವಾಸಿ.

ಚಿತ್ರ ಮಸುಕು, ಚೌಕ ಚೌಕ ಕಾಣುತ್ತೆ

ಇಲ್ಲಿ ಜಾಗದ ಲೆಕ್ಕ ಗೊತ್ತಿರಬೇಕು. ಮಾಮೂಲಿ ಡಿಸ್ಕ್ ಮೇಲೆ 4.7 ಜಿಬಿ ಅಂತ ಬರೆದಿರುತ್ತೆ, ವಿಂಡೋಸ್ ಅದನ್ನೇ 4.37 ಅಂತ ತೋರಿಸುತ್ತೆ. ಡಿಸ್ಕ್ ಅಂಗಡಿಯವರು ಮೋಸ ಮಾಡಿಲ್ಲ, ಎಣಿಸುವ ರೀತಿ ಬೇರೆ ಅಷ್ಟೇ. ಈಗ ಸುಲಭದ ಲೆಕ್ಕ: 600ನ್ನು ವಿಡಿಯೋದ ಒಟ್ಟು ನಿಮಿಷದಿಂದ ಭಾಗಿಸಿ. ಬರುವ ಸಂಖ್ಯೆಯೇ ಆಡಿಯೋ ಸೇರಿ ನಿಮಗೆ ಸಿಗುವ ಬಿಟ್‌ರೇಟ್, ಸೆಕೆಂಡಿಗೆ ಇಷ್ಟು ಮೆಗಾಬಿಟ್ ಅಂತ. ಎರಡು ಗಂಟೆಗೆ 5 ಬರುತ್ತೆ, ಚೆನ್ನಾಗಿ ಕಾಣುತ್ತೆ. ಮೂರು ಗಂಟೆಗೆ 3.3, ಅಲ್ಲಿಗೆ ಸೀರೆ ಅಂಚು ಕಲಸಿಹೋಗುತ್ತೆ. ನಮ್ಮ ಮದುವೆ ವಿಡಿಯೋ ಮೂರೂವರೆ ಗಂಟೆ ಇತ್ತು! ಒಂದೇ ಡಿಸ್ಕ್‌ಗೆ ತುರುಕಬೇಡಿ. ಚಪ್ಪರ, ವರಪೂಜೆ ಒಂದು ಡಿಸ್ಕ್. ಮುಹೂರ್ತ, ಧಾರೆ ಇನ್ನೊಂದು ಡಿಸ್ಕ್ ಮಾಡಿ. ನೋಡುವವರಿಗೂ ಹುಡುಕೋದು ಸುಲಭ.

ರಾತ್ರಿ ತೆಗೆದ ವಿಡಿಯೋಗೆ ಇನ್ನೂ ಜಾಸ್ತಿ ಬಿಟ್‌ರೇಟ್ ಬೇಕು. ಮೇಲುಕೋಟೆ ವೈರಮುಡಿ ಉತ್ಸವ ರಾತ್ರಿ ಹೊತ್ತು ನಡೆಯುತ್ತೆ ಅಲ್ವಾ, ಪಂಜಿನ ಬೆಳಕು, ಸುತ್ತ ಜನ, ಕತ್ತಲು. ಅಂಥ ಚಿತ್ರದ ತುಂಬಾ ಸಣ್ಣ ಸಣ್ಣ ಚುಕ್ಕೆ ಕುಣಿಯುತ್ತಿರುತ್ತವೆ, ಜಾಗ ಎಲ್ಲ ಆ ಚುಕ್ಕೆಗಳಿಗೇ ಖರ್ಚಾಗುತ್ತೆ. ಬದಲಾಯಿಸುವ ಮೊದಲು ಡಿನಾಯ್ಸ್, ಅಂದರೆ ಚುಕ್ಕೆ ಅಳಿಸುವ ಆಯ್ಕೆ, ಸ್ವಲ್ಪ ಹಾಕಿ. ತುಂಬಾ ಹಾಕಿದರೆ ಮುಖ ಮೇಣದ ಬೊಂಬೆ ಥರ ಆಗುತ್ತೆ.

ಹಾಗಂತ ಬಿಟ್‌ರೇಟ್ ಸುಮ್ನೆ ಏರಿಸಲೂಬಾರದು. ಡಿವಿಡಿಯಲ್ಲಿ ವಿಡಿಯೋಗೆ ಗರಿಷ್ಠ 9.8 ಮೆಗಾಬಿಟ್. ಮನೆಯಲ್ಲಿ ಬರೆದ ಡಿಸ್ಕ್ ಅಷ್ಟಕ್ಕೆ ಹೋದರೆ ಹಳೇ ಪ್ಲೇಯರ್ ತಡವರಿಸುತ್ತೆ. 8ರ ಒಳಗೆ ಇಡಿ.

ಮುಖ ಉದ್ದ, ಮುಖ ಅಗಲ

ಇದು ಅನುಪಾತದ ವಿಷಯ. ವಿಡಿಯೋ 16:9 ಇದ್ದು ಡಿಸ್ಕ್‌ನಲ್ಲಿ 4:3 ಅಂತ ಗುರುತು ಬಿದ್ದರೆ ಎಲ್ಲರೂ ಸಣ್ಣಗೆ ಉದ್ದ ಆಗ್ತಾರೆ. ಡಿವಿಡಿಸ್ಟೈಲರ್‌ನಲ್ಲಿ ಪ್ರಾಜೆಕ್ಟ್ ಶುರು ಮಾಡುವಾಗಲೇ 16:9 ಆರಿಸಿ. ಅಲ್ಲಿ ಸರಿ ಇದ್ದೂ ತಪ್ಪು ಕಾಣುತ್ತಿದ್ದರೆ ಪ್ಲೇಯರ್‌ನ ಸೆಟಪ್‌ನಲ್ಲಿ ಟಿವಿ ಯಾವ ಥರದ್ದು ಅಂತ ಇದೆ ನೋಡಿ. ದೊಡ್ಡಮ್ಮನ ಮನೆಯಲ್ಲಿ ಟಿವಿ ಹೊಸದು ಬಂದಿತ್ತು, ಪ್ಲೇಯರ್ ಮಾತ್ರ ಇನ್ನೂ ಹಳೇ ಡಬ್ಬಾ ಟಿವಿ ಲೆಕ್ಕದಲ್ಲೇ ಇತ್ತು.

ಮೊಬೈಲ್ ನೆಟ್ಟಗೆ ಹಿಡಿದು ತೆಗೆದ ವಿಡಿಯೋ ಅಡ್ಡ ಮಲಗಿದರೆ, ಮೊದಲು ಎಡಿಟರ್‌ನಲ್ಲಿ ತಿರುಗಿಸಿ, 16:9 ಚೌಕಟ್ಟಿನೊಳಗೆ ಎರಡೂ ಪಕ್ಕ ಕಪ್ಪು ಬಿಟ್ಟು ಕೂರಿಸಿ, ಆಮೇಲೆ ಡಿವಿಡಿಗೆ ಕೊಡಿ.

ಆನೆ ನಡೆದರೆ ಗೆರೆ ಗೆರೆ

ದಸರಾ ಮೆರವಣಿಗೆಯನ್ನು ಹ್ಯಾಂಡಿಕ್ಯಾಮ್‌ನಲ್ಲಿ ತೆಗೆದವರಿಗೆ ಇದು ಗೊತ್ತಿರುತ್ತೆ. ನಿಂತಿರುವ ಅರಮನೆ ಚೆನ್ನಾಗಿರುತ್ತೆ, ಅಂಬಾರಿ ಆನೆ ಹೆಜ್ಜೆ ಇಟ್ಟ ಕೂಡಲೇ ಅಂಚಿನಲ್ಲಿ ಬಾಚಣಿಗೆ ಹಲ್ಲಿನ ಹಾಗೆ ಗೆರೆ ಬರುತ್ತೆ. ಅಂಥ ಕ್ಯಾಮೆರಾ ಒಂದು ಫ್ರೇಮನ್ನು ಎರಡು ಅರ್ಧವಾಗಿ ತೆಗೆದಿರುತ್ತೆ. ಅಳತೆ ಚಿಕ್ಕದು ಮಾಡುವ ಮೊದಲೇ ಡಿಇಂಟರ್‌ಲೇಸ್ ಮಾಡಿ, ಅಂದರೆ ಆ ಎರಡು ಅರ್ಧವನ್ನು ಸರಿಪಡಿಸಿ ಒಂದೇ ಚಿತ್ರ ಮಾಡಿ. ಗೆರೆ ಇಲ್ಲ, ಬದಲಿಗೆ ಚಿತ್ರ ನಡುಗುತ್ತೆ ಅಂದರೆ ಫೀಲ್ಡ್ ಆರ್ಡರ್, ಅಂದರೆ ಎರಡು ಅರ್ಧದಲ್ಲಿ ಯಾವುದು ಮೊದಲು ಅನ್ನೋದು, ತಿರುಗಿದೆ. ಮಿನಿ ಡಿವಿ ಟೇಪ್‌ನದ್ದಾದರೆ ಬಾಟಮ್ ಫಸ್ಟ್, ಎಚ್‌ಡಿ ಹ್ಯಾಂಡಿಕ್ಯಾಮ್‌ನದ್ದಾದರೆ ಟಾಪ್ ಫಸ್ಟ್ ಇಟ್ಟು ನೋಡಿ.

ಮೆನುವಿನಲ್ಲಿ ಕನ್ನಡ ಒಡೆಯುತ್ತೆ

ಒತ್ತಕ್ಷರ ಬಿಡಿಬಿಡಿಯಾಗಿ ಬಿದ್ದರೆ ಆ ತಂತ್ರಾಂಶದ ಜೊತೆ ಗುದ್ದಾಡಬೇಡಿ. ಹೆಸರು, ದಿನಾಂಕ ಎಲ್ಲ ಬೇರೆ ಕಡೆ ಬರೆದು ಚಿತ್ರವಾಗಿ ಉಳಿಸಿ, ಅದನ್ನೇ ಮೆನುವಿನ ಹಿನ್ನೆಲೆಗೆ ಹಾಕಿ. ಹಳೇ ನುಡಿ ಅಕ್ಷರದಲ್ಲಿ ಟೈಪ್ ಮಾಡಿದ್ದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಆಗಿ ಬರುತ್ತೆ, ಯೂನಿಕೋಡ್‌ನಲ್ಲಿ ಮತ್ತೆ ಟೈಪ್ ಮಾಡಿ. ಅಕ್ಷರವನ್ನು ಪರದೆ ಅಂಚಿಗೆ ಅಂಟಿಸಬೇಡಿ, ಕೆಲವು ಟಿವಿ ಅಂಚನ್ನು ಕತ್ತರಿಸುತ್ತೆ. ಫೈಲ್ ಹೆಸರು ಕನ್ನಡದಲ್ಲಿ ಇದ್ದು ತಂತ್ರಾಂಶ ತೆರೆಯದಿದ್ದರೆ, ಇಂಗ್ಲಿಷ್ ಅಕ್ಷರದ ಚಿಕ್ಕ ಹೆಸರು ಕೊಟ್ಟು ನೋಡಿ.

ಅಮೆರಿಕದಲ್ಲಿ ಇರುವ ನೆಂಟರಿಗೆ ಡಿಸ್ಕ್ ಕಳಿಸುವುದಾದರೆ ಪಾಲ್ ಬೇಡ, ಅಲ್ಲಿನ ಪದ್ಧತಿಯಾದ ಎನ್‌ಟಿಎಸ್‌ಸಿ ಮಾಡಿ. ನಮ್ಮ ಕಡೆಯ ಪ್ಲೇಯರ್‌ಗಳು ಸಾಮಾನ್ಯವಾಗಿ ಎರಡನ್ನೂ ಓಡಿಸುತ್ತವೆ, ಅಲ್ಲಿನ ಎಷ್ಟೋ ಪ್ಲೇಯರ್ ಪಾಲ್ ಓಡಿಸಲ್ಲ.

ಬರ್ನ್ ಮಾಡುವಾಗ

ನೇರವಾಗಿ ಡಿಸ್ಕ್‌ಗೆ ಬರೆಯಬೇಡಿ. ಮೊದಲು ಐಎಸ್‌ಒ ಫೈಲ್, ಅಂದರೆ ಇಡೀ ಡಿಸ್ಕ್‌ನ ಪಡಿಯಚ್ಚು ಮಾಡಿ, ಕಂಪ್ಯೂಟರ್‌ನ ವಿಎಲ್‌ಸಿ ಪ್ಲೇಯರ್‌ನಲ್ಲಿ ತೆರೆದು ಮೆನು ಒತ್ತಿ, ಶುರು, ಮಧ್ಯ, ಕೊನೆ ನೋಡಿ. ಇಲ್ಲಿ ಕೆಟ್ಟಿದ್ದರೆ ಡಿಸ್ಕ್ ಉಳಿಯಿತು. ಡಿವಿಡಿಸ್ಟೈಲರ್ ಕೆಲಸ ಮಾಡುವಾಗ ತಾತ್ಕಾಲಿಕ ಫೈಲ್‌ಗಳಿಗೂ ಜಾಗ ಬೇಕು, ಹಾರ್ಡ್ ಡಿಸ್ಕ್‌ನಲ್ಲಿ 10-12 ಜಿಬಿ ಖಾಲಿ ಇರಲಿ. ಐಎಸ್‌ಒ ಪೆನ್ ಡ್ರೈವ್‌ಗೆ ಕಾಪಿ ಆಗದಿದ್ದರೆ ಆ ಪೆನ್ ಡ್ರೈವ್ ಫ್ಯಾಟ್32 ಮಾದರಿಯಲ್ಲಿ ಫಾರ್ಮ್ಯಾಟ್ ಆಗಿರಬಹುದು, ಅದರಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಕೂರಲ್ಲ.

ಡಿಸ್ಕ್ ಬರೆಯುವ ಇಮ್ಗ್‌ಬರ್ನ್ ತಂತ್ರಾಂಶದಲ್ಲಿ 4 ಅಥವಾ 8 ಎಕ್ಸ್ ವೇಗ ಇಡಿ, ವೆರಿಫೈ ಟಿಕ್ ಮಾಡಿ. 4 ಎಕ್ಸ್‌ನಲ್ಲಿ ತುಂಬಿದ ಡಿಸ್ಕ್‌ಗೆ ಸುಮಾರು ಕಾಲು ಗಂಟೆ ಹಿಡಿಯುತ್ತೆ. ಮಧ್ಯೆ ಕರೆಂಟ್ ಹೋದರೆ ಆ ಡಿಸ್ಕ್ ಹೋಯ್ತು, ಹಾಗಾಗಿ ಯುಪಿಎಸ್ ಅಥವಾ ಬ್ಯಾಟರಿ ಇರುವ ಲ್ಯಾಪ್‌ಟಾಪ್‌ನಲ್ಲೇ ಮಾಡಿ. ಬರ್ನ್ ಆದ ಡಿಸ್ಕ್ ಯಾವಾಗಲೂ ಒಂದೇ ಜಾಗದಲ್ಲಿ ನಿಲ್ಲುತ್ತಿದ್ದರೆ, ಅದೇ ಜಾಗವನ್ನು ಐಎಸ್‌ಒದಲ್ಲಿ ನೋಡಿ. ಅಲ್ಲೂ ನಿಂತರೆ ತಪ್ಪು ಬದಲಾಯಿಸುವಾಗ ಆಗಿದೆ. ಅಲ್ಲಿ ಸರಿ ಇದ್ದರೆ ಡಿಸ್ಕ್ ಕಳಪೆ, ಇಲ್ಲ ವೇಗ ಜಾಸ್ತಿ, ಇಲ್ಲ ಆ ಜಾಗದಲ್ಲಿ ಬಿಟ್‌ರೇಟ್ ಪ್ಲೇಯರ್‌ಗೆ ಹೆಚ್ಚಾಯ್ತು. ಒಂದೊಂದು ಸಲ ಒಂದೊಂದು ಜಾಗದಲ್ಲಿ ನಿಂತರೆ ಪ್ಲೇಯರ್‌ನ ಲೆನ್ಸ್‌ನಲ್ಲಿ ಧೂಳು.

ಮೇಲೆ ಹೆಸರು ಬರೆಯಲು ಸಿಡಿ ಮಾರ್ಕರ್ ಬಳಸಿ, ಬಾಲ್ ಪೆನ್ ಬೇಡ, ಒತ್ತಿ ಬರೆದರೆ ಡಿಸ್ಕ್ ಕೆಡಬಹುದು. ಕಾಗದದ ಸ್ಟಿಕ್ಕರ್ ಅಂಟಿಸಿದರೆ ತಿರುಗುವಾಗ ತೂಕ ಒಂದು ಕಡೆ ವಾಲುತ್ತೆ. ನಾನು ದೊಡ್ಡಮ್ಮನಿಗೆ "1" "2" ಅಂತ ದಪ್ಪಗೆ ಬರೆದುಕೊಟ್ಟೆ, ಕನ್ನಡಕ ಇಲ್ಲದೆಯೂ ಕಾಣಲಿ ಅಂತ. ಮದುವೆ ಮನೆಯವರು ಕೊಟ್ಟ ಮೂಲ ಫೈಲ್ ಮಾತ್ರ ಇನ್ನೂ ಹಾರ್ಡ್ ಡಿಸ್ಕ್‌ನಲ್ಲಿ ಹಾಗೇ ಇಟ್ಟಿದ್ದೇನೆ. ನೀವೂ ಅಳಿಸಬೇಡಿ.