ಆರು ತಿಂಗಳಲ್ಲಿ ಸ್ಕ್ಯಾನಿಂಗ್ ಕಲಿಯಲಾಗದು: ಕಾಸರಗೋಡಿನ ವಿದ್ಯಾರ್ಥಿಗಳಿಗೆ ಸೊನೋಗ್ರಫಿಯ ದಾರಿ

ಪ್ಲಸ್ ಟು ಫಲಿತಾಂಶ ಬಂದ ವಾರ ಬದಿಯಡ್ಕ, ಕುಂಬಳೆ, ಉಪ್ಪಳದಿಂದ ನನಗೆ ಬರುವ ಕರೆಗಳಲ್ಲಿ ಒಂದು ಪ್ರಶ್ನೆ ತಪ್ಪುವುದಿಲ್ಲ: "ಸ್ಕ್ಯಾನಿಂಗ್ ಕಲಿತರೆ ಗಲ್ಫಿನಲ್ಲಿ ಕೆಲಸವಿದೆಯಂತೆ. ಮಗಳನ್ನು ಆರು ತಿಂಗಳ ಕೋರ್ಸಿಗೆ ಸೇರಿಸಬಹುದೇ?" ದಯವಿಟ್ಟು ಸೇರಿಸಬೇಡಿ. ಸ್ಕ್ಯಾನಿಂಗ್ ಎಂದು ಅವರು ಕೇಳುವುದು ಶಬ್ದದ ಅಲೆಯಿಂದ ದೇಹದ ಒಳಗಿನ ಚಿತ್ರ ತೆಗೆಯುವ ಅಲ್ಟ್ರಾಸೌಂಡನ್ನು, ಅಂದರೆ ಸೊನೋಗ್ರಫಿಯನ್ನು.

ಈ 'ಆರು ತಿಂಗಳು' ಎಲ್ಲಿಂದ ಬಂತು ಎಂಬುದನ್ನು ಮೊದಲು ತಿಳಿದುಕೊಳ್ಳಿ. ಭ್ರೂಣಲಿಂಗ ಪತ್ತೆಯನ್ನು ತಡೆಯಲು 1994ರಲ್ಲಿ ಪಿಸಿಪಿಎನ್‌ಡಿಟಿ ಕಾಯ್ದೆ ಬಂತು. ಅದರಡಿ 2014ರಲ್ಲಿ ರೂಪಿಸಿದ ನಿಯಮಗಳಲ್ಲಿ ಆರು ತಿಂಗಳ ತರಬೇತಿಯ ಮಾತಿದೆ. ಆದರೆ ಅದು ಎಂಬಿಬಿಎಸ್ ಮುಗಿಸಿದ ವೈದ್ಯರಿಗೆ ಮಾತ್ರ. ನಮ್ಮ ದೇಶದಲ್ಲಿ ಗರ್ಭಿಣಿಯ ಸ್ಕ್ಯಾನ್ ಮಾಡುವ ಅಧಿಕಾರ ಅರ್ಹ ವೈದ್ಯರದು. ಪ್ಲಸ್ ಟು ಮುಗಿಸಿದವರ ಕೈಗೆ ಸರ್ಟಿಫಿಕೇಟ್ ಕೊಟ್ಟು ಪ್ರೋಬ್ (ಮೈಮೇಲೆ ಇಟ್ಟು ಸ್ಕ್ಯಾನ್ ಮಾಡುವ ಉಪಕರಣ) ಹಿಡಿಸುತ್ತೇವೆ ಎನ್ನುವವರು ಆ ಮಕ್ಕಳನ್ನು ಜೈಲಿನ ಬಾಗಿಲಿಗೆ ಕಳುಹಿಸುತ್ತಿದ್ದಾರೆ. ಕಾಯ್ದೆ ಮುರಿದವರಿಗೆ ಮೊದಲ ಸಲಕ್ಕೇ ಮೂರು ವರ್ಷದವರೆಗೆ ಸೆರೆವಾಸವಿದೆ.

ಹಾಗಾದರೆ ದಾರಿ ಇಲ್ಲವೇ? ಇದೆ, ಆದರೆ ಉದ್ದವಾಗಿದೆ. ವೈದ್ಯರಲ್ಲದ ಆರೋಗ್ಯ ವೃತ್ತಿಗಳಿಗಾಗಿ ಬಂದ 2021ರ ಅಲೈಡ್ ಹೆಲ್ತ್‌ಕೇರ್ ಕಾಯ್ದೆ ಇಮೇಜಿಂಗ್ ತಂತ್ರಜ್ಞರ ಸಾಲಿನಲ್ಲಿ ಸೊನೋಗ್ರಾಫರ್ (ಅಲ್ಟ್ರಾಸೌಂಡ್ ಸ್ಕ್ಯಾನ್ ಮಾಡುವ ತಂತ್ರಜ್ಞ) ಎಂಬ ಹೆಸರನ್ನು ಸೇರಿಸಿದೆ. ಅಲ್ಲಿಗೆ ತಲುಪುವ ಮೊದಲ ಮೆಟ್ಟಿಲು ಪದವಿ. ಪ್ಲಸ್ ಟುವಿನಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮೂರನ್ನೂ ಓದಿರಬೇಕು. ಕೇರಳದಲ್ಲಿ ಬಿಎಸ್ಸಿ ಎಂಆರ್‌ಟಿ (ಮೆಡಿಕಲ್ ರೇಡಿಯಾಲಜಿಕಲ್ ಟೆಕ್ನಾಲಜಿ) ಸೀಟಿಗೆ ತಿರುವನಂತಪುರದ ಎಲ್‌ಬಿಎಸ್ ಸೆಂಟರ್ ಮೂಲಕ ಅರ್ಜಿ ಹಾಕಬೇಕು. ತಲಪಾಡಿ ದಾಟಿದರೆ ಮಂಗಳೂರು, ಮಣಿಪಾಲದ ಕಾಲೇಜುಗಳಲ್ಲಿ ಬಿಎಸ್ಸಿ ಮೆಡಿಕಲ್ ಇಮೇಜಿಂಗ್ ಟೆಕ್ನಾಲಜಿ ಇದೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ಪ್ರವೇಶ ನಿಯಮಗಳಲ್ಲಿ ಮಂಜೇಶ್ವರ, ಕಾಸರಗೋಡು, ಹೊಸದುರ್ಗ ತಾಲ್ಲೂಕುಗಳ ಗಡಿನಾಡ ಕನ್ನಡಿಗರಿಗೆ ಪ್ರತ್ಯೇಕ ಅರ್ಹತಾ ವಿಭಾಗವಿದೆ. ಅದಕ್ಕೆ ಕನ್ನಡ ಭಾಷಾ ಪರೀಕ್ಷೆ ಬರೆಯಬೇಕು. ಇಮೇಜಿಂಗ್ ಕೋರ್ಸಿಗೂ ಅದು ಅನ್ವಯಿಸುತ್ತದೆಯೇ ಎಂದು ಆ ವರ್ಷದ ಕೈಪಿಡಿ ತೆರೆದು ಓದಿ. ಅದನ್ನು ಓದದೆಯೇ ಅವಕಾಶ ಕಳೆದುಕೊಂಡ ಮನೆಗಳನ್ನು ನೋಡಿ ನನಗೆ ಸಂಕಟವಾಗಿದೆ.

ಶುಲ್ಕ ಕಟ್ಟುವ ಮೊದಲು ಕಾಲೇಜಿನಲ್ಲಿ ಒಂದು ಪ್ರಶ್ನೆ ಕೇಳಲೇಬೇಕು: "ಅಲ್ಟ್ರಾಸೌಂಡ್ ಕೋಣೆಯಲ್ಲಿ ವಿದ್ಯಾರ್ಥಿಗೆ ಎಷ್ಟು ದಿನ?" ಹೆಚ್ಚಿನ ಕಡೆ ಸಮಯವೆಲ್ಲ ಎಕ್ಸ್‌ರೇ, ಸಿಟಿ, ಎಂಆರ್‌ಐಗೇ ಹೋಗುತ್ತದೆ. ಹೃದಯದ ಅಲ್ಟ್ರಾಸೌಂಡ್ ಆದ ಎಕೋದಲ್ಲಿ ಮಾತ್ರ ತಂತ್ರಜ್ಞರ ಕೈಗೆ ಕೆಲಸ ಹೆಚ್ಚು. ಪ್ರೋಬ್ ಹಿಡಿಯುವ ಆಸೆ ಗಟ್ಟಿಯಾಗಿದ್ದರೆ ಹೃದಯ, ರಕ್ತನಾಳಗಳ ತಪಾಸಣೆ ಕಲಿಸುವ ಕಾರ್ಡಿಯೋವ್ಯಾಸ್ಕುಲರ್ ಟೆಕ್ನಾಲಜಿ ಪದವಿಯನ್ನೂ ಯೋಚಿಸಿ.

ಒಳಗೆ ಸೇರಿದ ಮೇಲೆ ಕಣ್ಣು ಪಳಗಬೇಕು. ಪಿತ್ತಕೋಶದ ಸ್ಕ್ಯಾನನ್ನೇ ನೋಡಿ. ರೋಗಿ ಆರರಿಂದ ಎಂಟು ಗಂಟೆ ಏನೂ ತಿಂದಿರಬಾರದು. ಬೆಳಿಗ್ಗೆ ಹಾಲಿನ ಚಹಾ ಕುಡಿದು ಬಂದರೆ ಪಿತ್ತಕೋಶ ಮುದುಡಿರುತ್ತದೆ. ಚರ್ಮಕ್ಕೂ ಪ್ರೋಬಿಗೂ ನಡುವೆ ಗಾಳಿ ಉಳಿದರೆ ಶಬ್ದದ ಅಲೆ ಒಳಗೆ ಹೋಗದು, ಅದಕ್ಕಾಗಿ ಜೆಲ್ ಹಚ್ಚುತ್ತಾರೆ. ಬಲ ಪಕ್ಕೆಲುಬಿನ ಕೆಳಗೆ ಪ್ರೋಬ್ ಇಟ್ಟು ಉಸಿರು ಎಳೆದು ಹಿಡಿಯಲು ಹೇಳಿದಾಗ ಯಕೃತ್ತು ಕೆಳಗಿಳಿದು, ಪಿತ್ತಕೋಶ ಕಪ್ಪು ಚೀಲದಂತೆ ಪರದೆಗೆ ಬರುತ್ತದೆ. ಅದರೊಳಗೆ ಬಿಳಿ ಚುಕ್ಕೆ, ಚುಕ್ಕೆಯ ಹಿಂದೆ ಉದ್ದನೆಯ ನೆರಳು. ರೋಗಿಯನ್ನು ಎಡಮಗ್ಗುಲಿಗೆ ಹೊರಳಿಸಿ. ಚುಕ್ಕೆ ಉರುಳಿದರೆ ಕಲ್ಲು. ಅಲ್ಲೇ ಅಂಟಿಕೊಂಡು, ನೆರಳೂ ಇಲ್ಲದಿದ್ದರೆ ಪಾಲಿಪ್ (ಒಳಗೋಡೆಯಿಂದ ಬೆಳೆದ ಸಣ್ಣ ಗಂಟು) ಇರಬಹುದು. ಸ್ಕ್ಯಾನ್ ಓದುವ ತಜ್ಞ ವೈದ್ಯರಾದ ರೇಡಿಯಾಲಜಿಸ್ಟ್ ಪಕ್ಕದಲ್ಲಿ ನಿಂತು ಇಂಥವನ್ನು ನೂರಾರು ಸಲ ನೋಡಬೇಕು.

ಇಲ್ಲಿ ನಮ್ಮ ಮಕ್ಕಳಿಗೆ ಊರೇ ಕೊಟ್ಟ ಬಲವೊಂದಿದೆ. ಕನ್ನಡ, ತುಳು, ಮಲಯಾಳ, ಬ್ಯಾರಿ ಕೇಳುತ್ತಲೇ ಬೆಳೆದವರು ಇವರು. ಹೆದರಿ ಮಲಗಿದ ಅಜ್ಜಿಗೆ ಅವರದೇ ಮಾತಿನಲ್ಲಿ "ಉಸಿರು ಹಿಡಿಯಿರಿ ಅಜ್ಜಿ" ಎಂದರೆ ಅರ್ಧ ಕೆಲಸ ಮುಗಿದಂತೆ. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಮೊದಲ ವರ್ಷದ ಇಂಗ್ಲಿಷ್ ಕಷ್ಟವಾಗುತ್ತದೆ ನಿಜ. ಅಲೆ, ಆವರ್ತನ, ಪ್ರತಿಫಲನದ ಪಾಠವನ್ನು ಕನ್ನಡದಲ್ಲಿ ಚೆನ್ನಾಗಿ ಅರಿತಿದ್ದರೆ ಇಂಗ್ಲಿಷ್ ಪದ ಅದರ ಮೇಲೆ ತಾನಾಗಿ ಕೂರುತ್ತದೆ.

ಅಮೆರಿಕ, ಬ್ರಿಟನ್‌ಗಳಲ್ಲಿ ಸೊನೋಗ್ರಾಫರ್ ಎಂಬುದೇ ಒಂದು ವೃತ್ತಿ. ಅಮೆರಿಕದ ಎಆರ್‌ಡಿಎಂಎಸ್ ಸಂಸ್ಥೆ ಎರಡು ಪರೀಕ್ಷೆ ನಡೆಸುತ್ತದೆ: ಒಂದು ಅಲ್ಟ್ರಾಸೌಂಡಿನ ಭೌತಶಾಸ್ತ್ರ ಮತ್ತು ಯಂತ್ರದ ಬಗ್ಗೆ, ಇನ್ನೊಂದು ಹೊಟ್ಟೆ ಅಥವಾ ಪ್ರಸೂತಿಯಂಥ ಒಂದು ವಿಭಾಗದ ಬಗ್ಗೆ. ಪರೀಕ್ಷೆಗೆ ಕೂರಲು ಸ್ಕ್ಯಾನಿಂಗ್ ಅನುಭವದ ದಾಖಲೆ ಬೇಕು. ಗಲ್ಫಿನ ಲೈಸೆನ್ಸಿಗೂ ಅಷ್ಟೇ. ಅಲ್ಲಿ ನಿಮ್ಮ ಪದವಿ, ಅನುಭವ ಪತ್ರಗಳನ್ನು ಕೊಟ್ಟ ಸಂಸ್ಥೆಯಲ್ಲೇ ವಿಚಾರಿಸಿ ನೋಡುತ್ತಾರೆ.

ನಾನು ಆರಂಭದಲ್ಲಿ ದುಡಿದ ಸ್ಕ್ಯಾನಿಂಗ್ ಕೇಂದ್ರ ಒಂದು ದಿನ ಬಾಗಿಲು ಹಾಕಿತು. ಅನುಭವ ಪತ್ರ ಕೇಳಿ ಪಡೆದಿರಲಿಲ್ಲ. ಎರಡು ವರ್ಷದ ದುಡಿಮೆಗೆ ಇಂದಿಗೂ ನನ್ನ ಬಳಿ ಸಾಕ್ಷಿಯಿಲ್ಲ. ಇಂಟರ್ನ್‌ಶಿಪ್ಪಿನ ಮೊದಲ ದಿನದಿಂದಲೇ ಲಾಗ್‌ಬುಕ್ ಬರೆಯಿರಿ. ದಿನಾಂಕ, ಸ್ಕ್ಯಾನಿನ ಬಗೆ, ನೀವು ನೋಡಿದ್ದೋ ಮಾಡಿದ್ದೋ ಎಂಬುದು ಅದರಲ್ಲಿರಲಿ. ರೋಗಿಯ ಹೆಸರು ಬೇಡ. ವೈದ್ಯರ ಸಹಿಯನ್ನು ಅದೇ ಸಂಜೆ ಹಾಕಿಸಿಕೊಂಡು ಮನೆಗೆ ಹೋಗಿ.